ಕಂಬಳಿ ಹೊದ್ದ ಕಂಪ್ಯೂಟರ್

ಭಾಗ್ಯಾ ಒಣ ಅರಿವೆಯಿಂದ ಕೀಬೋರ್ಡಿನ ಗುಂಡಿಗಳನ್ನು ಒಂದೊಂದಾಗಿ ಒರೆಸುತ್ತಿದ್ದಳು. ಅವಳ ಅತ್ತೆ ತಾರವ್ವ ಗೋಡೆಗೆ ಒರಗಿ ಕುಳಿತಿದ್ದಳು. ತೇರದಾಳದಲ್ಲಿ ಕಂಪ್ಯೂಟರ್ ಕಲಿಸುವ ಬ್ರಾಹ್ಮಿ ಯಂತ್ರ ನೋಡಲು ಬಂದು ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದಳು. ಕಂಪ್ಯೂಟರ್ ಈಗಷ್ಟೇ ಮತ್ತೆ ತಾನಾಗಿ ಬಂದ್ ಆಗಿತ್ತು.

ಇದು 2009ರ ಮಾತು. ಹುನ್ನೂರಿನ ಉಣ್ಣೆ ನೂಲುವ ಹೆಣ್ಣುಮಕ್ಕಳ ಸಂಘಕ್ಕೆ ಆ ಯಂತ್ರ ಬಂದು ಮೂರು ತಿಂಗಳಾಗಿತ್ತು. ಚಾಲೂ ಮಾಡಿದ ಅರ್ಧ ತಾಸಿಗೆ ಬಂದ್. ಸಂಜೆ ಟೆಂಪೋಕ್ಕೆ ಹಾಕಿ ಕೊಟ್ಟವರಿಗೇ ಮರಳಿಸುವುದೆಂದು ಸಂಘದ ಅಧ್ಯಕ್ಷೆ ತಾರವ್ವ ಹೇಳಿಬಿಟ್ಟಿದ್ದಳು. ಏಳನೆಯ ಇಯತ್ತೆಗೆ ಶಾಲೆ ಬಿಟ್ಟ ಭಾಗ್ಯಾಳಿಗೆ ಕಲಿಯಲು ಉಳಿದದ್ದು ಇದೊಂದೇ. ಆದರೆ ಹಿರಿಯರೆದುರು ಬಾಯಿ ತೆರೆಯುವ ಹುಡುಗಿ ಅವಳಲ್ಲ.

"ವೈರಸ್ ಬಡದೈತ್ರಿ ಅಕ್ಕಾರ," ಎಂದಳು ತಾರವ್ವ. "ಕುರಿಗೆ ಬ್ಯಾನಿ ಬಂದ್ರ ಬ್ಯಾರೆ ಕಟ್ತೀವಿ. ಇದನ್ನೂ ದೂರ ಮಾಡೂದ ಛಲೋ."

ಬ್ರಾಹ್ಮಿ ನಕ್ಕಳು. "ವೈರಸ್ ಅಂದ್ರ ಹುಳ ಅಲ್ರಿ. ಕೇಡು ಮಾಡಾಕಂತ ಯಾರೋ ಬರದ ಕಳ್ಳ ಪ್ರೋಗ್ರಾಮ್. ಇಂಟರ್‌ನೆಟ್ಟಿನ್ಯಾಗ, ಪೆನ್‌ಡ್ರೈವಿನ್ಯಾಗ ಕುಂತು ಬರತೈತಿ. ನಿಮಗ ಎರಡೂ ಇಲ್ಲ."

"ಪ್ರೋಗ್ರಾಮ್ ಅಂದ್ರ?" ತಾರವ್ವ ಕೇಳಿದಳು.

"ಹಿಂಗ ಮಾಡು, ಹಂಗ ಮಾಡು ಅಂತ ಯಂತ್ರಕ್ಕ ಬರದಿಟ್ಟ ಮಾತು. ಅದ ಸಾಫ್ಟ್‌ವೇರ್. ಕೈಲೆ ಮುಟ್ಟಾಕ ಬರೂದೆಲ್ಲಾ ಹಾರ್ಡ್‌ವೇರ್. ಅದಿರ್ಲಿ, ಯಾವತ್ತರೆ ಬಂದ್ ಆಗಲಾರದ ಇತ್ತೇನು?"

"ಎಲ್ಲೀದು! ದಿನಾ ಇದ ಗೋಳು."

ಭಾಗ್ಯಾ ಅರಿವೆ ಮಡಚಿದಳು. ನೆಲ ನೋಡುತ್ತಲೇ ಅಂದಳು, "ಅಮಾಸಿ ದಿನ ಆಗಲಿಲ್ರಿ."

"ಅವತ್ತ ಏನ ಬ್ಯಾರೆ ಇತ್ತು?"

"ಕಂಬಳಿ ಇರಲಿಲ್ರಿ. ಬೀರಪ್ಪನ ಗುಡಿಗೆ ಒಯ್ದಿದ್ರು."

ಬ್ರಾಹ್ಮಿ ಮೇಜಿನ ಕೆಳಗೆ ಬಗ್ಗಿದಳು. ಯಂತ್ರದ ಮಿದುಳಿರುವ ಸಿಪಿಯು ಪೆಟ್ಟಿಗೆ ಕರಿಕಂಬಳಿ ಹೊದ್ದು ಕುಳಿತಿತ್ತು. ಮನೆಗೆ ಬಂದ ಹೊಸ ವಸ್ತುವಿಗೆ ಭಂಡಾರ ಹಾರಿಸಿ ಕಂಬಳಿ ಹೊದಿಸುವುದು ತಾರವ್ವನ ಮನೆತನದ ಮರ್ಯಾದೆ. ಸೋಮವಾರ ಸೋಮವಾರ ಹಾರಿಸಿದ ಆ ಭಂಡಾರದ ಅರಿಸಿನ ಪೆಟ್ಟಿಗೆಯ ತೂತುಗಳಲ್ಲಿ ಗಟ್ಟಿ ಕೂತಿತ್ತು.

"ಕೈ ಹಚ್ಚಿ ನೋಡ್ರಿ."

"ಅಯ್ಯ! ಕಾದ ಹಂಚು ಆಗೇತಲ್ಲಬೇ!" ತಾರವ್ವ ಕೈ ಹಿಂದೆಳೆದಳು.

"ಒಳಗ ಫ್ಯಾನ್ ಐತ್ರಿ. ಈ ತೂತಿನ್ಯಾಗ ಹಾಯ್ದು ಗಾಳಿ ಆಡಬೇಕು. ಗಾಳಿ ಇಲ್ಲಂದ್ರ ಕಾವು ಏರತೈತಿ. ಸುಟ್ಟ ಹೋಗಬಾರದಂತ ಯಂತ್ರ ತಾನ ಬಂದ್ ಆಗತೈತಿ."

ತಾರವ್ವನ ಮುಖ ಬಿಗಿಯಿತು. "ಅಂದ್ರ ದೇವರ ಭಂಡಾರದ್ದ ತಪ್ಪೇನು?"

"ಕುರಿಮರಿಗೆ ಭಂಡಾರ ಹಣಿಗೆ ಹಚ್ಚತೀರೋ, ಮೂಗಿಗೆ ತುಂಬತೀರೋ?"

ತಾರವ್ವ ತಡೆಯಲಾರದೆ ನಕ್ಕುಬಿಟ್ಟಳು.

ಬ್ರಾಹ್ಮಿ ತಾನು ಮುಟ್ಟಲಿಲ್ಲ, ಹೇಳಿದಳಷ್ಟೇ. ಭಾಗ್ಯಾ ಪ್ಲಗ್ ಕಿತ್ತಳು. ಕಂಬಳಿ ತೆಗೆದಳು. ಪೆಟ್ಟಿಗೆ ತಣ್ಣಗಾದ ಮೇಲೆ ಒಣ ಬ್ರಷ್ಷಿನಿಂದ ತೂತುಗಳ ಪುಡಿ ಉದುರಿಸಿದಳು. ಗೋಡೆಯಿಂದ ಒಂದು ಗೇಣು ಈಚೆಗೆ ಇಟ್ಟು ಚಾಲೂ ಮಾಡಿ, ಸಂಘದವರ ಹೆಸರು ಬರೆಯತೊಡಗಿದಳು.

"ಬರಕೋತ ಬರಕೋತ ಸೇವ್ ಒತ್ತು," ಎಂದಳು ಬ್ರಾಹ್ಮಿ. "ಸೇವ್ ಅಂದ್ರ ಬರದದ್ದನ್ನ ಪೆಟ್ಟಿಗ್ಯಾಗ ಜ್ವಾಪಾನ ಇಡೂದು. ಇಲ್ಲಂದ್ರ ಕರೆಂಟ ಹೋತು, ಬರದದ್ದೂ ಹೋತು."

ಅರ್ಧ ತಾಸು ಕಳೆಯಿತು. ಎರಡು ತಾಸು ಕಳೆದವು. ಯಂತ್ರ ನಡೆಯುತ್ತಲೇ ಇತ್ತು. ಹೊರಗೆ ಟೆಂಪೋ ಹಾರ್ನ್ ಹೊಡೆದಾಗ ತಾರವ್ವ ಕಿಟಕಿಯಲ್ಲೇ ಕೂಗಿದಳು: "ಹೊಳ್ಳಿ ಹೋಗೋ ನಾಮದೇವಾ! ಏನೂ ಕಳಸೂದಿಲ್ಲ!"

ಓದುವ ಅಕ್ಕತಂಗಿಯರೇ, ನಿಮ್ಮ ಸಂಘದ ಯಂತ್ರ ನಿಂತರೆ ಕೆಟ್ಟಿತೆಂದು ಕೈಬಿಡಬೇಡಿರಿ. ವೈರ್ ಸಡಿಲಾಗಿದೆಯೇ, ಗಾಳಿ ಆಡುತ್ತಿದೆಯೇ, ಯಾವಾಗ ನಿಲ್ಲುತ್ತದೆ, ಯಾವಾಗ ನಿಲ್ಲುವುದಿಲ್ಲ, ಮೊದಲು ನೋಡಿರಿ. ಗೊತ್ತಿಲ್ಲದ ಶಬ್ದವನ್ನು ನಾಚದೆ ಕೇಳಿರಿ. ಸುಮ್ಮನೆ ನೋಡುತ್ತ ನಿಂತವರನ್ನೂ ಒಮ್ಮೆ ಮಾತಾಡಿಸಿರಿ.

ಆ ಸಂಜೆ ಬ್ರಾಹ್ಮಿಯನ್ನು ಬಸ್ಸಿಗೆ ಕಳಿಸಲು ತಾರವ್ವ ಎದ್ದಳು. ಭಾಗ್ಯಾ ಕುರ್ಚಿಯಿಂದ ಏಳಲಿಲ್ಲ.

"ಅತ್ತಿ, ದಿನಾ ಒಂದು ತಾಸು ನನಗ ಇಲ್ಲಿ ಕುಂಡ್ರಾಕ ಬಿಡ್ರಿ."