ಬೂದು ಕೋಟು, ಒಂದು

"ಇಪ್ಪತ್ತೆರಡಕ್ಕೆ ರಕ್ತದಾನ. ಹೊಟ್ಟೆಗೆ ಏನಾದ್ರೂ ಹಾಕ್ಕೊಂಡು ಬನ್ನಿ ಮಹಾರಾಯ್ರೆ, ಹೋದ ಸಲ ಇಬ್ಬರು ದಬಕ್ ಅಂತ ಬಿದ್ರು..."

ಓಕ್ತಾವಿಯಾನನ ಮಾತಿಗೆ ಎಲ್ಲರೂ ನಕ್ಕರು. ಅಷ್ಟರಲ್ಲಿ ಬಾಗಿಲು ತೆರೆಯಿತು. ಒಳಗೆ ಬಂದವಳು ಗ್ಲಾಫಿರಾ ಎಂದು ಗೊತ್ತಾಗುತ್ತಲೇ ನಗು ಕೆಂಡಕ್ಕೆ ನೀರು ಹೊಯ್ದಂತೆ ನಿಂತಿತು. ಅವಳು ಯಾರ ಕಡೆಗೂ ನೋಡದೆ ಕೊನೆಯ ಸಾಲಿನ ಕುರ್ಚಿಯಲ್ಲಿ ಕೂತು, ಕರಿ ತಲೆವಸ್ತ್ರದ ಗಂಟು ಬಿಗಿಮಾಡಿಕೊಂಡು, ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡಳು.

ಮುಚ್ಚಿಹೋದ ಸಿನಿಮಾ ಮಂದಿರದ ಮುಂಗೋಣೆಯಲ್ಲಿ ಶನಿವಾರ ಬೆಳಿಗ್ಗೆ ಸೇವಾ ಕ್ಲಬ್ಬಿನ ಸಭೆ ನಡೆಯುತ್ತಿತ್ತು. ಕ್ಲಬ್ಬಿನಲ್ಲಿ ಇಪ್ಪತ್ತಾರು ಜನ. ಹಲ್ಲಿನ ಡಾಕ್ಟರು ಓಕ್ತಾವಿಯಾನ್ ಅಧ್ಯಕ್ಷ. ಉಳಿದವರಲ್ಲಿ ವಕೀಲರು, ಮೇಷ್ಟರುಗಳು, ಔಷಧದಂಗಡಿಯವರು. ಏಣಿ ಹತ್ತಲು ಬರುತ್ತಿದ್ದವರು ಇಬ್ಬರೇ, ವೈರಿಂಗ್ ಕೆಲಸದ ಯುಸ್ತಿನ್ ಮತ್ತು ತಿಬೇರಿಯು. ಈಗ ಒಬ್ಬನೇ. ಗ್ಲಾಫಿರಾಳ ಮಗ ತಿಬೇರಿಯು ಏಪ್ರಿಲ್‌ನಲ್ಲಿ ಕ್ಲಬ್ಬಿನ ಶ್ರಮದಾನದ ದಿನ ಗ್ರಂಥಾಲಯದ ಚಾವಣಿಯಿಂದ ಬಿದ್ದು ಸತ್ತಿದ್ದ. ಸೊಂಟಕ್ಕೆ ಹಗ್ಗ ಇರಲಿಲ್ಲ. ಹಗ್ಗ ತರುವ ಕೆಲಸ ಯಾರ ಹೆಸರಿಗೂ ಬರೆದಿರಲಿಲ್ಲ. ಗೋಡೆಯ ಮೇಲೆ ಅವನ ಫೋಟೊ, ಫೋಟೊಗೆ ಕಪ್ಪು ಪಟ್ಟಿ, ಅದರ ಕೆಳಗೆ ಮುಂದಿನ ಕಾರ್ಯಕ್ರಮಗಳ ಪಟ್ಟಿ.

ಓಕ್ತಾವಿಯಾನ್ ಗಂಟಲು ಸರಿಮಾಡಿಕೊಂಡ. "ಇಪ್ಪತ್ತೊಂಬತ್ತಕ್ಕೆ ಸಂತೋಷಕೂಟ. ಹೊಸ ವೈನ್, ಹುರಿದ ಹಂದಿಮಾಂಸ, ಸಂಗೀತ. ಡಿಸೆಂಬರ್ ಆರಕ್ಕೆ ನಮ್ಮೆಲ್ಲರ ಪ್ರೀತಿಯ ತಿಬೇರಿಯು ಸ್ಮಾರಕ ಪಿಂಗ್‌ಪಾಂಗ್ ಪಂದ್ಯಾವಳಿ. ಹೆಸರು ಕೊಡೋರು ಕೊಡಿ." ಅವನು ಹಿಂದಿನ ಸಾಲಿಗೆ ಮೆಲ್ಲಗೆ ತಲೆ ಬಾಗಿಸಿದ. "ಅಮ್ಮ, ನೀವು ಬಂದಿದ್ದು ನಮಗೆ ಗೌರವ. ಬಹುಮಾನ ನಿಮ್ಮ ಕೈಯಿಂದಲೇ ಕೊಡಿಸ್ಬೇಕು ಅಂತ ಇದೆ."

"ಅವನು ಪಿಂಗ್‌ಪಾಂಗ್ ಆಡ್ತಿರ್ಲಿಲ್ಲ" ಎಂದಳು ಗ್ಲಾಫಿರಾ.

ಯಾರೋ ಕೆಮ್ಮಿದರು.

"ನಾನು ಅದಕ್ಕೆ ಬಂದಿಲ್ಲ ಡಾಕ್ಟ್ರೇ. ನನ್ನ ಮಗನಿಗೆ ಚಳಿ ಆಗ್ತಿದೆ. ಮೂರು ದಿನದಿಂದ ಕನಸಿಗೆ ಬರ್ತಾನೆ. ಬರೀ ಅಂಗೀಲಿ ನಿಂತಿರ್ತಾನೆ, ತುಟಿ ನೀಲಿ. ಒಳಗೆ ಬಾರೋ ಅಂದ್ರೆ ಬರಲ್ಲ." ಅವಳ ಕಣ್ಣು ಒಲೆಯ ಪಕ್ಕ ನಿಂತಿದ್ದ ಯುಸ್ತಿನನ ಮೇಲೆ ಬಂದು ನಿಂತಿತು. "ಕೋಟು ಎಲ್ಲಿ ಮಗಾ?"

ಆ ಮಾತು ಅಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ. ನಲವತ್ತನೆಯ ದಿನ ಸತ್ತವನ ಹೆಸರಲ್ಲಿ ಒಬ್ಬನಿಗೆ ಅಡಿಯಿಂದ ಮುಡಿವರೆಗೆ ಬಟ್ಟೆ ಕೊಡುತ್ತಾರೆ. ಇಸಕೊಂಡವನು "ಬೊಗ್ದಾಪ್ರೊಸ್ತೆ" ಎನ್ನುತ್ತಾನೆ, ದೇವರು ಅವನನ್ನು ಮನ್ನಿಸಲಿ ಎಂದು. ಅಲ್ಲಿಂದಾಚೆ ಇವನು ಈ ಲೋಕದಲ್ಲಿ ತೊಟ್ಟಿದ್ದು ಆ ಲೋಕದಲ್ಲಿ ಸತ್ತವನ ಮೈಮೇಲೆ ಇರುತ್ತದೆ. ಗ್ಲಾಫಿರಾ ಯುಸ್ತಿನನನ್ನು ಆರಿಸಿ, ಮಗನ ಬೂದು ಕೋಟಿನ ಸಮೇತ ಕೊಟ್ಟಿದ್ದಳು. ಅದೇ ಎತ್ತರ, ಅದೇ ವಯಸ್ಸು. ಮೂವತ್ತು ಜನರ ಎದುರಿಗೆ, ತಿಥಿಗೆಂದು ಸಕ್ಕರೆ ಹಾಕಿ ಬೇಯಿಸಿದ ಗೋಧಿಯ ತಟ್ಟೆಯ ಮುಂದೆ ಯುಸ್ತಿನ್ ಆ ಮಾತು ಹೇಳಿದ್ದ.

"ಮನೇಲಿದೆ ದೊಡ್ಡಮ್ಮ. ಬೀರುವಲ್ಲಿ" ಎಂದ.

"ನವೆಂಬರಲ್ಲಿ ಬೀರುವಲ್ಲಿ. ನೀನು ಈ ತೆಳು ಜಾಕೆಟ್ಟಲ್ಲಿ." ಅವಳು ಎದ್ದು ನಿಂತಳು. "ನಡಿ, ನೋಡೋಣ."

ಓಕ್ತಾವಿಯಾನ್ ನಡುವೆ ಬಂದ. "ಅಮ್ಮ, ಕೋಟು ತಾನೆ? ಕ್ಲಬ್ಬಿಂದ ಹೊಸದೇ ತೆಗೆದುಕೊಡೋಣ. ಒಳ್ಳೇ ಉಣ್ಣೆದು."

"ಯಾರಿಗೆ ತೆಗೆದುಕೊಡ್ತೀರಿ? ಅವನಿಗಾ? ಅಳತೆ ತಗೊಂಡು ಬನ್ನಿ ಹೋಗಿ."

ಹೊರಗೆ ಮೆಟ್ಟಿಲ ಮೇಲೆ ಯುಸ್ತಿನ್ ಸುಳ್ಳು ಬಿಟ್ಟು ಅವಳಿಗೆ ನಿಜ ಹೇಳಿದ. ಕೋಟನ್ನು ಅವನು ಅಕ್ಟೋಬರ್‌ನ ಮೊದಲ ಚಳಿಗೆ ತೊಟ್ಟಿದ್ದು ಎರಡೇ ದಿನ. ಮೊದಲ ದಿನ ಬೇಕರಿಯ ಹುಡುಗಿ ತಲೆ ಎತ್ತದೆ, ಬರೀ ಆ ಬೂದು ಬಣ್ಣ ನೋಡಿ, "ಏನ್ ತಿಬಿ, ಇವತ್ತು ಇಷ್ಟು ಬೇಗ?" ಎಂದವಳು ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ಒಳಗೆ ಓಡಿದ್ದಳು. ಅವತ್ತೇ ಸಂಜೆ ತಿಬೇರಿಯುವಿನ ನಾಯಿ ಹಿಂದೆ ಬಂದು ಅವನ ಹೊಸ್ತಿಲಲ್ಲಿ ಮಲಗಿತು. ಓಡಿಸಿದರೆ ನಾಲ್ಕು ಹೆಜ್ಜೆ ಹೋಗಿ ಮತ್ತೆ ಬಂದು ಕೋಟನ್ನೇ ನೋಡುತ್ತ ಕೂರುತ್ತಿತ್ತು. ಮೂರನೆಯ ದಿನ ಕ್ಲಬ್ಬಿನವರು ಬಡವರಿಗಾಗಿ ಚಳಿಗಾಲದ ಬಟ್ಟೆ ಸಂಗ್ರಹಿಸುತ್ತಿದ್ದ ಚೀಲಕ್ಕೆ ಅದನ್ನು ಮಡಚಿ, ಕೆಳಗಡೆಗೆ ತುರುಕಿದ್ದ.

"ನಾಯಿ ನಮ್ಮನೆಗೆ ವಾಪಸ್ ಬಂದಾಗ್ಲೇ ಅನ್ಕೊಂಡೆ" ಎಂದಳು ಗ್ಲಾಫಿರಾ. ಬಯ್ಯಲಿಲ್ಲ. "ಈಗ ಯಾರ ಮೈಮೇಲಿದೆ?"

ಹಂಚಿದ ಪಟ್ಟಿಯನ್ನು ಬರೆದವನು ಅವನೇ. ಆ ಒಂದು ಸಾಲು ನೆನಪಿತ್ತು. ಪನಾಯ್ತೆ, ಗುಡ್ಡದ ಮೇಲಿನ ಹಳ್ಳಿ, ಬೂದು ಕೋಟು, ಒಂದು.

"ನೀವು ಮನೆಗೆ ಹೋಗಿ ದೊಡ್ಡಮ್ಮ. ನಾನು ತಂದುಕೊಡ್ತೀನಿ. ನನ್ನ ಜಾಕೆಟ್ ಅವನಿಗೆ ಕೊಟ್ಟು ಬಿಡಿಸ್ಕೊಂಡು ಬರ್ತೀನಿ."

"ಬಿಡಿಸ್ಕೊಂಡು ಬರೋಕೆ ಅದೇನು ಕಟ್ಟಿಹಾಕಿದ ಹಸುವಾ? ಬಾಗಿಲು ತೆಗಿ" ಎಂದು ಅವಳು ಅವನ ಹಳೆಯ ವ್ಯಾನಿನ ಮುಂದಿನ ಸೀಟಿನಲ್ಲಿ ಹತ್ತಿ ಕೂತಳು.

ದಾರಿಯ ಎರಡೂ ಕಡೆ ಕೊಯ್ಲು ಮುಗಿದ ದ್ರಾಕ್ಷಿ ತೋಟಗಳು. ಬೋಳು ಕಂಬಗಳು ಸಾಲು ಸಾಲಾಗಿ ಗುಡ್ಡ ಹತ್ತುತ್ತಿದ್ದವು. ವ್ಯಾನಿನ ಹೀಟರ್ ಕೆಟ್ಟು ಎರಡು ವರ್ಷವಾಗಿತ್ತು. ಇಬ್ಬರ ಉಸಿರೂ ಗಾಜಿಗೆ ಹಬ್ಬಿ ಕೂರುತ್ತಿತ್ತು, ಯುಸ್ತಿನ್ ಮತ್ತೆ ಮತ್ತೆ ಒರೆಸುತ್ತಿದ್ದ. ಅವನ ಪಕ್ಕದ ಆ ಸೀಟು ಏಳು ವರ್ಷ ತಿಬೇರಿಯುವಿನದಾಗಿತ್ತು. ಗ್ಲಾಫಿರಾ ಅದರಲ್ಲಿ ಮಗ ಕೂರುತ್ತಿದ್ದಂತೆಯೇ, ಒಂದು ಭುಜ ಬಾಗಿಲಿಗೆ ಒತ್ತಿ ಕೂತಿದ್ದಳು. ಅವನು ಆ ಕಡೆ ತಿರುಗಲಿಲ್ಲ.

"ದೊಡ್ಡಮ್ಮ, ಒಂದು ಮಾತು."

"ರಸ್ತೆ ನೋಡ್ಕೊಂಡು ಓಡಿಸು."

"ಅವತ್ತು ಚಾವಣಿ ಹತ್ಬೇಕಾಗಿದ್ದು ನಾನು. ಅವನ ಹೆಸರು ಕೂಟಕ್ಕೆ ಕುರ್ಚಿ ಹಾಕೋ ಕಡೆ ಇತ್ತು. ಹಿಂದಿನ ದಿನ ನಾಮಕರಣದ ಮನೇಲಿ ಕುಡಿದಿದ್ದೆ, ತಲೆ ಸಿಡೀತಿತ್ತು. ಲೋ, ಇವತ್ತೊಂದಿನ ನೀನು ಹತ್ತು ಅಂದೆ..."

"ಗೊತ್ತು."

ಅವನ ಕಾಲು ತಾನಾಗಿ ಬ್ರೇಕಿನ ಮೇಲೆ ಹೋಯಿತು. ವ್ಯಾನು ಮುಗ್ಗರಿಸಿ ಮತ್ತೆ ಸಾಗಿತು.

"ಹೆಣ ತರೋಕೆ ಮುಂಚೆ ನನ್ನ ಆ ಕ್ಲಬ್ಬಲ್ಲೇ ಕೂರಿಸಿದ್ರು. ಅವತ್ತಿನ ಕೆಲಸದ ಪಟ್ಟಿ ಗೋಡೆ ಮೇಲೇ ಇತ್ತಲ್ಲ. ಎರಡು ಗಂಟೆ ಅದನ್ನೇ ನೋಡ್ತಿದ್ದೆ. ನಿನ್ನ ಹೆಸರು ಹೊಡೆದುಹಾಕಿ ಪಕ್ಕದಲ್ಲಿ ಅವನ ಹೆಸರು. ಅಕ್ಷರ ನಿಂದು."

"ಗೊತ್ತಿದ್ದೂ ಮತ್ತೆ... ಕೋಟು ನನಗ್ಯಾಕೆ ಕೊಟ್ರಿ?"

"ಇನ್ಯಾರಿಗೆ ಕೊಡ್ಲಿ? ಅವನು ನಿನ್ನ ಜಾಗಕ್ಕೆ ಹೋದ. ನೀನು ಅವನ ಕೋಟಿಗೆ ಬಾ ಅಂತ ಕೊಟ್ಟೆ." ಅವಳು ಕಿಟಕಿಯ ಗಾಜನ್ನು ಅಂಗೈಯಿಂದ ಒರೆಸಿ ಹೊರಗೆ ನೋಡಿದಳು. "ಮುದ್ದಿಗೆ ಕೊಟ್ಟಿದ್ದಲ್ಲ. ಶಿಕ್ಷೆಗೂ ಅಲ್ಲ. ಅಷ್ಟೂ ಹೊರೋಕೆ ಆಗ್ಲಿಲ್ವಲ್ಲೋ ನಿನ್ನ ಕೈಲಿ. ಎರಡೇ ದಿನ."

ವ್ಯಾನು ಗುಡ್ಡ ಹತ್ತಿ ಹಳ್ಳಿಗೆ ಬಂತು.

ಪನಾಯ್ತೆಯ ಮನೆ ಕೊನೆಯದು. ಅಂಗಳದಲ್ಲಿ ಜಾಲಿಯ ದಿಮ್ಮಿಗಳ ರಾಶಿ. ಅದರ ಆಚೆ ಬೇಲಿಗೆ ಬೆನ್ನು ಹಾಕಿ ಒಬ್ಬ ಕೊಡಲಿ ಎತ್ತಿ ನಿಂತಿದ್ದ. ಬೂದು ಕೋಟು. ಭುಜದ ಹತ್ತಿರ ಅದೇ ಅಗಲ, ಬೆನ್ನಿನಲ್ಲಿ ಅದೇ ಮಡಿಕೆ. ಗ್ಲಾಫಿರಾಳ ಬಾಯಿಂದ ಹೊರಟದ್ದು ಮಾತಲ್ಲ, ಬರೀ ಉಸಿರು. ಕೊಡಲಿ ಕೆಳಗಿಳಿಯಿತು. ಅವನು ತಿರುಗಿದ. ಐವತ್ತು ದಾಟಿದ, ಮುಂದಿನ ಎರಡು ಹಲ್ಲಿಲ್ಲದ, ನೆರೆತ ಗಡ್ಡದ ಮುಖ.

"ಮತ್ತೆ ಫೋಟೊ ತೆಗೀಬೇಕಾ?" ಎಂದ ಪನಾಯ್ತೆ. "ಇವತ್ತು ಗಡ್ಡ ಬೋಳಿಸಿಲ್ಲ."

"ಫೋಟೊ ಅಲ್ಲಪ್ಪ" ಎಂದಳು ಗ್ಲಾಫಿರಾ. "ಆ ಕೋಟು ಯಾರು ಕೊಟ್ರು?"

"ಟೌನಿಂದ ಕ್ಲಬ್ಬಿನೋರು. ಯಾಕೆ, ಕದ್ದಿದ್ದು ಅಂತ ಯಾರಾದ್ರೂ ಅಂದ್ರಾ?"

"ಇಲ್ಲ. ಕೊಡುವಾಗ ಯಾರ ಹೆಸರಲ್ಲಿ ಅಂತ ಹೇಳಿದ್ರಾ?"

"ಕ್ಲಬ್ಬಿನ ಹೆಸರು ಹೇಳಿದ್ರು. ಮೂರು ಸಲ."

"ನೀನು ಬೊಗ್ದಾಪ್ರೊಸ್ತೆ ಅಂದ್ಯಾ?"

ಪನಾಯ್ತೆ ನಗಲು ಹೋದವನು ಅವಳ ಕರಿ ತಲೆವಸ್ತ್ರ ನೋಡಿ ನಿಲ್ಲಿಸಿದ. ಟೋಪಿ ತೆಗೆದ. "ಎಲ್ಲಿ ಬಿಟ್ರು ತಾಯಿ? ಇಲ್ಲಿ ಸೈನ್ ಹಾಕು ಅಂದ್ರು, ಹಾಕ್ದೆ. ಡಾಕ್ಟ್ರು ಹೆಗಲ ಮೇಲೆ ಕೈ ಹಾಕಿ ನಗು ಅಂದ್ರು, ನಕ್ಕೆ. ಅಷ್ಟೊತ್ತಿಗೆ ಮುಂದಿನೋನನ್ನ ಕರೆದ್ರು." ಅವನು ಆಗಲೇ ಗುಂಡಿ ಬಿಚ್ಚುತ್ತಿದ್ದ. "ಸತ್ತೋರದ್ದು ಅಂತ ಗೊತ್ತಿರ್ಲಿಲ್ಲ. ತಗೊಳ್ಳಿ. ಯಾರು, ಗಂಡನಾ?"

"ಮಗ."

ಕೋಟನ್ನು ಅವನು ಅವಳ ಕಡೆಗೆ ಚಾಚಿದ. ಅವಳು ಮುಟ್ಟಲಿಲ್ಲ. ಚೀಲದಿಂದ ಒಂದು ಮೇಣದ ಬತ್ತಿ ತೆಗೆದು, ಗಾಳಿಗೆ ಬೆನ್ನು ತಿರುಗಿಸಿ, ಎರಡು ಕಡ್ಡಿ ಕೆಟ್ಟ ಮೇಲೆ ಮೂರನೆಯದರಲ್ಲಿ ಹೊತ್ತಿಸಿದಳು.

"ಅವನಿಗೆ ಕೊಡು" ಎಂದು ಯುಸ್ತಿನನನ್ನು ತೋರಿಸಿದಳು. "ಅದು ಅವನದು. ಕೊಡೋದಾದ್ರೆ ಅವನೇ ಕೊಡ್ಬೇಕು. ಸರಿಯಾಗಿ."

ಯುಸ್ತಿನ್ ಕೋಟು ಇಸಕೊಂಡ. ಅಕ್ಟೋಬರಿನಲ್ಲಿ ಅದು ಇಷ್ಟು ಭಾರವಿರಲಿಲ್ಲ. ಬತ್ತಿಯನ್ನು ಅವಳು ಅವನ ಬೆರಳ ಸಂದಿಯಲ್ಲಿ ಸಿಕ್ಕಿಸಿದಳು. ಅಂಗಿಯಲ್ಲಿ ನಿಂತ ಪನಾಯ್ತೆ ಚಳಿಗೆ ಕಾಲು ಬದಲಿಸುತ್ತ ಕಾದ. ಈ ಶಾಸ್ತ್ರ ಕಂಡವನೇ ಅವನು.

"ಯಾರ ಹೆಸರಲ್ಲಪ್ಪ?"

ಯುಸ್ತಿನ್ ಬಾಯಿ ತೆರೆದ. ಏಳು ತಿಂಗಳಿಂದ ಆ ಹೆಸರನ್ನು ಅವನು ಉಚ್ಚರಿಸಿರಲಿಲ್ಲ. ಕ್ಲಬ್ಬಿನಲ್ಲಿ ಅದನ್ನು ವಾರಕ್ಕೊಮ್ಮೆ ಗಟ್ಟಿಯಾಗಿ ಓದುತ್ತಿದ್ದರು, ಪಂದ್ಯಾವಳಿಗೆ ಇಟ್ಟರು, ಬ್ಯಾನರಿಗೆ ಬರೆಸಿದರು. ಅವನು ಮಾತ್ರ, ಹೇಳಬೇಕಾದಲ್ಲೆಲ್ಲ "ಅವನು" ಎನ್ನುತ್ತ ಬಂದಿದ್ದ. ಕರಗಿದ ಮೇಣ ಬೆರಳ ಮೇಲೆ ಇಳಿಯಿತು.

"ಹೇಳು" ಎಂದಳು ಗ್ಲಾಫಿರಾ.

"ತಿಬೇರಿಯು" ಎಂದ. ಧ್ವನಿ ಒಡೆಯಿತು. ಮತ್ತೆ ಹೇಳಿದ. "ತಿಬೇರಿಯುವಿನ ಹೆಸರಲ್ಲಿ. ನನ್ನ ಬದಲು ಹೋದವನು."

ಪನಾಯ್ತೆ ಒಮ್ಮೆ ಅವನನ್ನು, ಒಮ್ಮೆ ಅವಳನ್ನು ನೋಡಿದ. ಎರಡೂ ಕೈ ಚಾಚಿ ಇಸಕೊಂಡ. "ಬೊಗ್ದಾಪ್ರೊಸ್ತೆ. ದೇವರು ಅವನನ್ನ ಮನ್ನಿಸ್ಲಿ." ಮತ್ತೆ ತೊಟ್ಟುಕೊಂಡು ಗುಂಡಿ ಹಾಕಿಕೊಂಡ, ಮೇಲಿನದರವರೆಗೂ.

ಹೊರಡಬಹುದಿತ್ತು. ಯುಸ್ತಿನ್ ವ್ಯಾನಿನ ಬಾಗಿಲು ತೆಗೆದು ಹಿಡಿದ. ಗ್ಲಾಫಿರಾ ಬರಲಿಲ್ಲ. ಒಂದು ದಿಮ್ಮಿಯ ಮೇಲೆ ಕೂತು, ಪನಾಯ್ತೆ ಸೌದೆ ಒಡೆಯುವುದನ್ನು ನೋಡತೊಡಗಿದಳು. ಮೊದಲು ಅವನಿಗೆ ಮುಜುಗರವಾಯಿತು, ಆಮೇಲೆ ಕೆಲಸದ ಲಯ ಹಿಡಿಯಿತು. ಜಾಲಿ ಗಟ್ಟಿ ಮರ. ನಾಲ್ಕು ಪೆಟ್ಟಿಗೆ ಒಂದು ಸೀಳು. ಅರ್ಧ ರಾಶಿ ಮುಗಿಯುವ ಹೊತ್ತಿಗೆ ಅವನ ಹಣೆ ಒದ್ದೆಯಾಗಿತ್ತು. ಕೊಡಲಿಯನ್ನು ದಿಮ್ಮಿಗೆ ಕಚ್ಚಿಸಿ, ಕೋಟು ಬಿಚ್ಚಿ ಬೇಲಿಗೂಟದ ಮೇಲೆ ಹಾಕಿದ.

"ಯಾಕೆ ತೆಗೆದೆ?" ಅವಳು ದಡಕ್ಕನೆ ಎದ್ದಳು.

"ಸೆಕೆ ತಾಯಿ. ಬೆವರು ಕಿತ್ಕೊಂಡು ಬರ್ತಿದೆ."

"ಸೆಕೆನಾ?"

"ಹೌದು ತಾಯಿ, ಸೆಕೆ."

"ನಿಜವಾಗ್ಲೂ?"

ಅವನು ತಲೆಯಾಡಿಸಿ ಮತ್ತೆ ಕೊಡಲಿ ಎತ್ತಿದ. ಗ್ಲಾಫಿರಾ ಬೇಲಿಯ ಹತ್ತಿರ ಹೋದಳು. ತೋಟದ ಕಡೆಯಿಂದ ಗಾಳಿ ಬೀಸುತ್ತಿತ್ತು. ಗೂಟದ ಮೇಲಿನ ಕೋಟಿನಿಂದ ತೆಳ್ಳಗೆ ಹಬೆ ಏಳುತ್ತಿತ್ತು. ಅವಳು ಕೈಗವಸು ಕಳಚಿ, ಕೋಟಿನ ಒಂದು ತೋಳಿನೊಳಗೆ ಮೆಲ್ಲಗೆ ಕೈ ತೂರಿಸಿದಳು, ಮೊಣಕೈವರೆಗೆ, ಒಳಗಿನ ಬಿಸುಪಿನಲ್ಲಿ ಹಾಗೆಯೇ ನಿಂತಳು.