ಹತ್ತು ನಿಮಿಷ ಸರಿಯಾಗಿ ಓಡುವ ವ್ಯಾನು

ಇಗೋ, ಮತ್ತೆ ಜಗ್ಗಿತು — ಮರೆವಂತೆ, ಮುದುಕನಿಗೆ ಮರೆವಂತೆ, ಯಾರ್ರೀ ಅಂದದ್ದು, ಬನ್ನಿ ಮುಂದೆ, ನಲವತ್ತು ವರ್ಷದ ಹಿಂದೆ ಬಿಚ್ಚಿದ ಇಂಜಿನ್ನಿಗೆ ಎಷ್ಟು ಬೋಲ್ಟಿದ್ದವು ಕೇಳಿ, ಹೇಳುತ್ತಾನೆ ಅವನು, ನಿಮಗೆ ನಿನ್ನೆ ಉಂಡದ್ದು ನೆನಪಿದೆಯೇ — ಕಾಲಡಿಯ ತಗಡು ನಡುಗುತ್ತಿದೆ, ವ್ಯಾನು ಏರಿನಲ್ಲಿ ತಡವರಿಸಿ, ಕೆಮ್ಮಿ, ಯಾರೋ ಬೆನ್ನಿಗೆ ಗುದ್ದಿದಂತೆ ಮುಂದಕ್ಕೆ ಎಗರಿ, ಮತ್ತೆ ಸೊರಗುತ್ತಿದೆ, ಸ್ಟೇರಿಂಗ್ ಹಿಡಿದ ಮಗಳ ದವಡೆ ಬಿಗಿದಿದೆ, ಹಿಂದೆ ಅವಳು ಆಸ್ಪತ್ರೆಗೆ ಒಗೆದುಕೊಡುವ ಹಾಸಿಗೆ ಬಟ್ಟೆಯ ಗಂಟುಗಳು ಒಂದರ ಮೇಲೊಂದು ಉರುಳುತ್ತಿವೆ, ನೋಡಪ್ಪಾ, ನಾನು ಆಕ್ಸಿಲರೇಟರ್ ಒತ್ತೇ ಇಲ್ಲ, ಅದರಷ್ಟಕ್ಕೆ ಅದೇ ಎಗರುತ್ತೆ, ಗೊತ್ತಮ್ಮ, ಕಿವಿ ಇನ್ನೂ ಸತ್ತಿಲ್ಲ ನಂದು. ನಾಲ್ಕು ಗಂಟೆಗೆ ಗುಜರಿಯವನು ಬರುತ್ತಾನೆ, ಕರೆದಿದ್ದು ಮಗಳೇ, ವ್ಯಾನು ಹೋದರೆ ಅವನ ರಿಪೇರಿ ಶೆಡ್ಡಿನ ಬೀಗದ ಕೈಯೂ ಹೋಗುತ್ತದೆ, ಇನ್ಮೇಲೆ ಸ್ಪ್ಯಾನರ್ ಮುಟ್ಟಬೇಡಪ್ಪಾ, ಹೋದ ವಾರ ಒಲೆ ಹಚ್ಚಿಟ್ಟು ಮರೆತಿದ್ದೆ ನೀನು — ಬೈದಿದ್ದರೆ ಎದುರಾಡುತ್ತಿದ್ದ, ಮೆತ್ತಗೆ ಅಂದಳು, ಅದೇ ನಾಟಿತು.

ಸೋಡಾಗ್ಲಾಸು ಕೈಚೆಲ್ಲಿದ್ದಾನೆ, ಇವನ ಕೈಕೆಳಗೇ ಕಲಿತು ಈಗ ಸ್ವಂತ ಗ್ಯಾರೇಜಿಟ್ಟು ದಪ್ಪ ಕನ್ನಡಕ ಏರಿಸಿದವನು, ಫಿಲ್ಟರ್ ಬದಲಿಸಿದ, ಪಂಪ್ ಬದಲಿಸಿದ, ಪ್ಲಗ್ಗು ಬದಲಿಸಿದ, ಕಾರ್ಬುರೇಟರನ್ನು ಮೂರು ಸಲ ತೊಳೆದ, ಕೊನೆಗೆ ಕೈ ಒರೆಸಿಕೊಳ್ಳುತ್ತ, ಕಾಯಿಲೆಗೆ ಮದ್ದಿದೆ ಮೇಸ್ತ್ರಿ, ವಯಸ್ಸಿಗೆಲ್ಲಿದೆ — ವ್ಯಾನಿಗೆ ಹೇಳಿದನೋ ಇವನಿಗೋ, ಕತ್ತೆ. ವಯಸ್ಸಾದದ್ದಾದರೆ ಮನೆ ಬಿಡುವಾಗಲೇ ಏದುಸಿರು ಬರಬೇಕಿತ್ತಲ್ಲ, ಮೊದಲ ಹತ್ತು ನಿಮಿಷ ಕುದುರೆ, ಆಮೇಲೆ ತಡವರಿಕೆ, ನಿಲ್ಲಿಸಿ ಕಾದರೆ ಮತ್ತೆ ಕುದುರೆ, ಬಿಸಿಲಲ್ಲೂ ಹಾಗೆ, ಚಳಿಯಲ್ಲೂ ಹಾಗೆ, ಅಂದರೆ ಬಿಸಿಯದಲ್ಲ ತಕರಾರು, ಪೆಟ್ರೋಲು ಬರುತ್ತಿದೆ, ಬರುತ್ತಿಲ್ಲ, ಬರುತ್ತಿದೆ, ಯಾರೋ ಗಂಟಲು ಹಿಸುಕಿ ಬಿಡುತ್ತಿದ್ದಾರೆ — ಹುಡುಗನಾಗಿ ಕೆಲಸ ಕಲಿಯುವಾಗಿನ ಗುರುವಿನ ಕೈ, ಗ್ರೀಸು ಮೆತ್ತಿದ ಆ ಕೈ, ಖಾಲಿ ಬಾಟಲಿ ಇವನ ಬಾಯಿಗೆ ಒತ್ತಿ, ಹೀರು ನೋಡೋಣ, ಹೀರಿದ, ತುಟಿ ಅಂಟಿಕೊಂಡಿತು, ಇನ್ನೂ ಹೀರು, ಆಗಲಿಲ್ಲ, ಒಳಗೆ ಗಾಳಿ ಹೋಗ್ದೆ ಹೊರಗೆ ಏನೂ ಬರಲ್ಲ ಕಣೋ ಪೆದ್ದೆ —

ನಿಲ್ಸಮ್ಮಾ. ಇಲ್ಲೇನಪ್ಪಾ, ಈ ಏರಲ್ಲಿ? ನಿಲ್ಸು ಅಂದ್ನಲ್ಲ. ಇಳಿಯುವಾಗ ಮಂಡಿ ಕಟ್ ಎಂದಿತು, ಎನ್ನಲಿ, ಮಗಳು ಚಕ್ರಕ್ಕೆ ಕಲ್ಲು ಕೊಡುತ್ತಿದ್ದಾಳೆ, ಅವನು ಟ್ಯಾಂಕಿನ ಮುಚ್ಚಳ ಹಿಡಿದು ತಿರುಗಿಸಿದ, ಬಿಗಿ, ಮತ್ತೆ ತಿರುಗಿಸಿದ — ಸುಂಯ್! ನೀರಲ್ಲಿ ಮುಳುಗಿದ್ದವನು ತಲೆ ಎತ್ತಿ ಉಸಿರೆಳೆದಂತೆ, ಉದ್ದಕ್ಕೆ ಎಳೆಯಿತು ಟ್ಯಾಂಕು ಗಾಳಿಯನ್ನು, ಅಪ್ಪಾ, ಏನದು, ಉಸಿರು ಕಣಮ್ಮ, ಉಸಿರು. ಗಾಳಿಗೆಂದೇ ಮುಚ್ಚಳದ ನಡುವೆ ಒಂದು ಸೂಜಿತೂತು ಇರುತ್ತದೆ, ಅದು ಕಟ್ಟಿರಬೇಕು, ಧೂಳಿರಬೇಕು, ಕನ್ನಡಕ ಏರಿಸಿ ನೋಡಿದ, ಧೂಳಲ್ಲ. ಬೂದು ಬಣ್ಣದ ಗಟ್ಟಿ ಅಂಟು, ನಾದಿ ಒತ್ತಿದ್ದು, ಅದರ ಮೇಲೆ ಹೆಬ್ಬೆಟ್ಟಿನ ಗುರುತು, ಅಡ್ಡಕ್ಕೆ ಒಂದು ಗೀರು, ಉಳಿ ಜಾರಿ ಆದ ಹಳೆಯ ಗಾಯ, ಅದು ಯಾರ ಹೆಬ್ಬೆಟ್ಟಿನಲ್ಲಿದೆ ಎಂದು ಯಾರನ್ನೂ ಕೇಳಬೇಕಿಲ್ಲ.

ಹೋದ ತಿಂಗಳು. ಹಾಸಿಗೆ ಬಟ್ಟೆಗೆ ಪೆಟ್ರೋಲ್ ವಾಸನೆ ಅಂತ ವಾಪಸ್ ಕಳಿಸಿದಾರಪ್ಪಾ, ಅಂದಿದ್ದಳು, ಅಷ್ಟೇ ತಾನೆ, ಸಂಜೆಯೊಳಗೆ ಸರಿಮಾಡ್ತೀನಿ, ಅಂದಿದ್ದ, ಮಾಡಿದ್ದ, ತೂತಿಗೆ ಅಂಟು ಮೆತ್ತಿ, ವಾಸನೆ ನಿಂತಿತು, ಮೂರು ದಿನ ಮೀಸೆ ತಿರುವಿದ, ಆಮೇಲೆ ಮರೆತ, ಪೂರ್ತಿ ಮರೆತ, ನಲವತ್ತು ವರ್ಷದ ಬೋಲ್ಟು ನೆನಪಿದೆ, ಹೋದ ತಿಂಗಳ ಹೆಬ್ಬೆಟ್ಟು ಮರೆತಿದೆ. ಉಗುರಲ್ಲಿ ಕೆರೆದು ಬಿಸಾಡಬಹುದು, ಮುಚ್ಚಳ ಹಳೇದಮ್ಮ ಎನ್ನಬಹುದು, ಅವಳಿಗೇನು ಗೊತ್ತಾಗುತ್ತದೆ, ಬೀಗದ ಕೈ ಉಳಿಯುತ್ತದೆ — ನಾನೇ ಕಣಮ್ಮ ಮುಚ್ಚಿದ್ದು. ಮಗಳು ಅಂಟು ನೋಡಿದಳು, ಅವನ ಮುಖ ನೋಡಿದಳು, ಈಗ ಬರುತ್ತದೆ ಆ ಮೆತ್ತನೆಯ ದನಿ, ಬರಲಿಲ್ಲ, ನಕ್ಕಳು, ರಸ್ತೆಬದಿಯಲ್ಲಿ ಹೊಟ್ಟೆ ಹಿಡಿದುಕೊಂಡು ನಕ್ಕಳು, ಸೋಡಾಗ್ಲಾಸು ಮೂರು ಸಲ ತೊಳ್ದನಲ್ಲಪ್ಪಾ, ಕೂದಲಿನಿಂದ ಪಿನ್ನು ಕಿತ್ತು ಅವನ ಅಂಗೈಗಿಟ್ಟಳು, ತಗೋ, ನೀನೇ ತೆಗಿ, ಮತ್ತೆ ವಾಸನೆಗೇನು ಮಾಡ್ತೀಯಪ್ಪಾ? ಮುಚ್ಚಳದ ವಾಷರ್ ಸವೆದಿದೆ ಕಣಮ್ಮ, ಬದಲಾಯಿಸಿದ್ರೆ ಆಯ್ತು, ಸರಿ, ಶೆಡ್ಡಲ್ಲಿ ಒಂದು ಸ್ಲೇಟು ನೇತುಹಾಕ್ತೀನಿ, ಮಾಡಿದ್ದನ್ನೆಲ್ಲ ಅದರಲ್ಲಿ ಬರಿಬೇಕು, ಬರೀತೀನಿ, ದಿನಾ? ದಿನಾ ಕಣೇ. ಫೋನು ಅವಳ ಕಿವಿಯಲ್ಲಿ, ಬರೋದು ಬೇಡ ಅಣ್ಣಾ, ಗಾಡಿ ಕೊಡಲ್ಲ, ಅವನ ಕೈಯ ಪಿನ್ನಿನ ತುದಿ ತೂತಿನೊಳಗಿಳಿಯಿತು, ಅಂಟು ಚೂರಾಗಿ ಉದುರಿತು, ಸೋಡಾಗ್ಲಾಸಿಗೂ ಹೇಳಮ್ಮ, ಅವನು ತನ್ನ ಹತ್ರ ಕಲಿಯೋರಿಗೆಲ್ಲ ಹೇಳ್ಲಿ, ಇಂಜಿನ್ ಬಿಚ್ಚೋ ಮುಂಚೆ ಮುಚ್ಚಳ ತೆಗೀರಿ ಅಂತ, ಮುಚ್ಚಿದ್ದು ಯಾರು ಅನ್ನೋದನ್ನೂ ಸೇರಿಸಿ ಹೇಳ್ಲಿ, ಅದನ್ನ ಬಿಟ್ರೆ ಕಥೆ ಅಲ್ಲ ಅದು — ಮುಚ್ಚಳವನ್ನು ಆಕಾಶಕ್ಕೆ ಹಿಡಿದ, ತೂತು, ಸೂಜಿಮೊನೆಯಷ್ಟು ತೂತು, ಅದರೊಳಗೆ ಒಂದು ಚುಕ್ಕೆ ಬೆಳಕು.