ಗಂಗೊಳ್ಳಿಗೆ ಬಂದ ಕುರೋಉಜು

ನಾನು ಒಂದು ಪ್ಲಾಸ್ಟಿಕ್ ಬೊಂಬೆ. ಗೇಣುದ್ದದ ಹಸಿರು ಮೈ, ಹೆಗಲಿಗೆ ನೇರಳೆ ಹೊದಿಕೆ, ತಲೆಯ ಮೇಲೆ ಶಂಖದಂತೆ ಸುತ್ತಿದ ಕೊಂಬು. ಜಪಾನಿನ ಒಂದು ಸಣ್ಣ ಕಾರ್ಖಾನೆಯಲ್ಲಿ ಹುಟ್ಟಿದೆ. ಬಿಸಿ ಎಣ್ಣೆಯಲ್ಲಿ ಇಳಿಬಿಟ್ಟ ಲೋಹದ ಅಚ್ಚಿನೊಳಗೆ ನನ್ನನ್ನು ಹೊಯ್ದರು. ಆರುವ ಮೊದಲೇ ಇಕ್ಕಳದಿಂದ ಎಳೆದು ತೆಗೆದರು. ಮೂಗಿಗೆ ಬಟ್ಟೆ ಕಟ್ಟಿಕೊಂಡ ಹೆಂಗಸೊಬ್ಬಳು ಮೈಗೆಲ್ಲ ಬಣ್ಣ ಊದಿದಳು, ಕಣ್ಣಿಗೆ ಮಾತ್ರ ಕುಂಚ ಹಿಡಿದಳು. ನಾನು ಒಳ್ಳೆಯವನೋ ಕೆಟ್ಟವನೋ ಎಂದು ಅಲ್ಲಿ ಯಾರೂ ಹೇಳಲಿಲ್ಲ. ಅದು ನನ್ನನ್ನು ಹಾಕಿದ ಚೀಲದ ಬಾಯಿಗೆ ಹೊಡೆದ ರಟ್ಟಿನ ಮೇಲೆ ಬರೆದಿತ್ತಂತೆ. ನನಗೆ ಓದು ಬಾರದು.

ಕೋಬೆ ಬಂದರಿನ ಹತ್ತಿರದ ಒಂದು ಅಂಗಡಿಯಲ್ಲಿ ನೇತಾಡಿಕೊಂಡಿದ್ದೆ. ಅಲ್ಲಿನ ಮಕ್ಕಳು ನನ್ನ ಅಕ್ಕಪಕ್ಕದವರನ್ನು ಒಯ್ದರು, ನನ್ನನ್ನು ಒಯ್ಯಲಿಲ್ಲ. ಕೊನೆಗೆ ಕೊಂಡವರು ಹೆರಿಯ ಮೊಗವೀರ ಎಂಬವರು. ಸರಕು ಹಡಗೊಂದರಲ್ಲಿ ಅಡುಗೆಯವರು, ಊರು ಕುಂದಾಪುರದ ಪಕ್ಕದ ಗಂಗೊಳ್ಳಿ. ಮಸಾಲೆ ಡಬ್ಬಿಗಳ ನಡುವೆ ಮಲಗಿ ನಾನು ಎರಡು ಸಮುದ್ರ ದಾಟಿದೆ. ಈಗಲೂ ನನ್ನ ಕಂಕುಳಲ್ಲಿ ಜೀರಿಗೆಯ ವಾಸನೆ ಇದೆಯೆಂದು ಗುಲಾಬಿ ಹೇಳುತ್ತಾಳೆ.

ಗುಲಾಬಿ ಅವರ ಒಬ್ಬಳೇ ಮಗಳು. ನನ್ನನ್ನು ಕೈಗಿಟ್ಟಾಗ ಅವಳಿಗೆ ಬಿದ್ದ ಮುಂದಿನ ಹಲ್ಲು ಇನ್ನೂ ಬಂದಿರಲಿಲ್ಲ. ಇವನು ಆ ದೇಶದಲ್ಲೇ ದೊಡ್ಡ ಬಲಶಾಲಿ, ನಾನು ಬರುವ ತನಕ ಇವನನ್ನು ಬಿಡಬೇಡ ಎಂದು ಅಪ್ಪ ಹೇಳಿ ಮತ್ತೆ ಹಡಗು ಹತ್ತಿದರು. ಅವಳು ಬಿಡಲಿಲ್ಲ. ಊಟಕ್ಕೆ ಕುಳಿತರೆ ತಟ್ಟೆಯ ಪಕ್ಕ ನಾನು, ಶಾಲೆಗೆ ಹೋದರೆ ಚೀಲದಲ್ಲಿ ನಾನು. ಮನೆಯ ಜಗಲಿಯಲ್ಲಿ ಎಷ್ಟು ರಾಕ್ಷಸರನ್ನು ಕೊಂದೆನೋ ಲೆಕ್ಕವಿಲ್ಲ. ಒಂದು ಸಲ ಬಾವಿಗೆ ಬಿದ್ದೆ. ಅವಳು ಊಟ ಬಿಟ್ಟು ಅತ್ತಳು. ಮಗಳಿಗಿಂತ ಹೆಚ್ಚು ಗಾಬರಿಯಾದದ್ದು ಅವಳ ಅಮ್ಮನಿಗೆ. ಆಳು ಇಳಿಸಿ ನನ್ನನ್ನು ಮೇಲೆತ್ತಿಸಿದ ಮೇಲೆಯೇ ಅಂದು ಒಲೆ ಹೊತ್ತಿದ್ದು. ಕೊಂಬಿನ ತುದಿ ಮಾತ್ರ ಬಾವಿಯಲ್ಲೇ ಉಳಿಯಿತು.

ಮಕ್ಕಳು ಬೆಳೆಯುತ್ತಾರೆ, ಬೊಂಬೆಗಳು ಬೆಳೆಯುವುದಿಲ್ಲ. ನಾನು ಟ್ರಂಕು ಸೇರಿದೆ. ಗುಲಾಬಿ ಮದುವೆಯಾದಳು, ಕುಂದಾಪುರ ಪೇಟೆಯಲ್ಲಿ ಗಂಡನ ಜೊತೆ ಫೋಟೋ ಸ್ಟುಡಿಯೋ ನಡೆಸಿದಳು, ಅವನು ತೀರಿಕೊಂಡ ಮೇಲೆ ಒಬ್ಬಳೇ ನಡೆಸಿದಳು. ಅಮ್ಮನೂ ಹೋದ ಮೇಲೆ ಅಪ್ಪನ ಜೊತೆಗಿರಲೆಂದು ಗಂಗೊಳ್ಳಿಯ ಮನೆಗೇ ಬಂದಳು. ಟ್ರಂಕು ತೆರೆದದ್ದು ಆಗ. ನನ್ನನ್ನು ತಿರುಗಿಸಿ ನೋಡಿದವಳ ಬೆರಳು ಅಂಗಾಲಿನ ಮೇಲೆ ನಿಂತಿತು. ಅಲ್ಲಿ ಅರೆಬರೆ ಅಳಿಸಿದ ಉಬ್ಬಕ್ಷರಗಳಿದ್ದವು. ಇವನ ಹೆಸರೇನು ಎಂದು ಅಪ್ಪನನ್ನು ಕೇಳಿದಳು. ಅವರು ನಕ್ಕು, ಬಲಶಾಲಿ ಎಂದಷ್ಟೇ ಹೇಳಿದರು.

ಅಲ್ಲಿಂದ ಅವಳಿಗೆ ಹುಚ್ಚು ಹಿಡಿಯಿತು. ಸ್ಟುಡಿಯೋದ ದೀಪಗಳ ಕೆಳಗೆ ನನ್ನನ್ನು ಮದುಮಗನಂತೆ ನಿಲ್ಲಿಸಿ ಎಲ್ಲ ಕಡೆಯಿಂದ ಫೋಟೋ ತೆಗೆದಳು. ಫೋನಿನಲ್ಲೇ ಜಪಾನಿ ಅಕ್ಷರ ಕಲಿತಳು. ಹಳೆಯ ಬೊಂಬೆಗಳ ಅಭಿಮಾನಿಗಳ ಗುಂಪೊಂದು ಅಂತರಜಾಲದಲ್ಲಿತ್ತು. ಅಲ್ಲಿ ಸೇರಿ ಕಂಡಕಂಡವರನ್ನು ಕೇಳಿದಳು. ಒಬ್ಬ ಇನ್ಯಾವುದೋ ಶೂರನ ಹೆಸರು ಹೇಳಿದ. ಇನ್ನೊಬ್ಬ, ಇದು ಜಪಾನಿನದೇ ಅಲ್ಲ, ಎಲ್ಲೋ ಮಾಡಿದ ನಕಲು ಎಂದು ಬರೆದ. ಅವತ್ತು ಗುಲಾಬಿ ಗಿರಾಕಿಗಳ ಜೊತೆಗೂ ಸರಿಯಾಗಿ ಮಾತಾಡಲಿಲ್ಲ. ನಕಲು ಅಂದದ್ದು ನನ್ನನ್ನು. ಚುಚ್ಚಿದ್ದು ಅವಳಿಗೆ, ಅಪ್ಪನಿಗೇ ಅಂದ ಹಾಗೆ.

ಮಳೆಗಾಲದ ಹೊತ್ತಿಗೆ ಇಶಿದಾ ಎಂಬವರು ಸಿಕ್ಕಿದರು. ಜಪಾನಿನಲ್ಲಿ ಬಸ್ಸು ಓಡಿಸಿ ನಿವೃತ್ತರಾದವರು. ನನ್ನ ಫೋಟೋ ಕಂಡು ಅವರೇ ವೀಡಿಯೋ ಕರೆ ಮಾಡಿದರು. ಅವರ ಮಾತನ್ನು ಫೋನು ತಡವರಿಸುತ್ತ ಕನ್ನಡಕ್ಕೆ ತಿರುಗಿಸುತ್ತಿತ್ತು. ಅವರು ಗಾಜಿನ ಕಪಾಟಿನ ಮುಂದೆ ಫೋನು ಹಿಡಿದಾಗ ನನ್ನ ಒಡಹುಟ್ಟಿದವರೆಲ್ಲ ಸಾಲಾಗಿ ಕಂಡರು. ಅದೇ ಹೊದಿಕೆ, ಅದೇ ಕುಂಚದ ಕಣ್ಣು. ನಡುವೆ ಒಂದು ಜಾಗ ಖಾಲಿ ಇತ್ತು.

ಇವರೆಲ್ಲ ಕಡಲ ಕಾಯುವ ಶೂರರು ಎಂದರು ಇಶಿದಾ. ಟಿ.ವಿ.ಯಲ್ಲಿ ಇವರ ಕಥೆ ಬರುತ್ತಿತ್ತು, ನೋಡುವವರಿಲ್ಲದೆ ಬೇಗನೆ ನಿಂತುಹೋಯಿತು. ನಿಮ್ಮ ಕೈಯಲ್ಲಿರುವವನು ಇವರ ವೈರಿ, ಕುರೋಉಜು. ಹಾಗೆಂದರೆ ಕರಿಸುಳಿ. ಹಡಗುಗಳನ್ನು ಮುಳುಗಿಸುವವನು. ಕೆಟ್ಟವನೆಂದು ಮಕ್ಕಳು ಕೊಳ್ಳಲಿಲ್ಲ, ಅದಕ್ಕೇ ಇವತ್ತು ಎಲ್ಲೂ ಸಿಗುವುದಿಲ್ಲ. ಅವರು ತಲೆಬಾಗಿ, ಆ ಖಾಲಿ ಜಾಗಕ್ಕೆ ಇವನನ್ನು ಕೊಡುವಿರಾ ಎಂದು ಕೇಳಿದರು. ಗುಲಾಬಿ ಯೋಚಿಸಿ ಹೇಳುತ್ತೇನೆಂದಳು.

ನನ್ನನ್ನು ಮೇಜಿನ ಮೇಲೆ ಇಟ್ಟ ರೀತಿಯಲ್ಲೇ ಗೊತ್ತಾಯಿತು. ಯಾವತ್ತೂ ನಿಲ್ಲಿಸುತ್ತಿದ್ದವಳು ಅವತ್ತು ಬೋರಲು ಹಾಕಿದಳು. ಅಪ್ಪ ಕಡಲಿನಲ್ಲಿದ್ದ ವರ್ಷಗಳೆಲ್ಲ ಹಡಗು ಮುಳುಗಿಸುವವನನ್ನು ಅಪ್ಪಿಕೊಂಡು ಮಲಗಿದೆನಲ್ಲ ಎಂಬ ಸಂಕಟ ಅವಳದು. ಅಪ್ಪನಿಗೆ ಹೇಳುವುದೋ ಬೇಡವೋ ಎಂದು ಮೂರು ದಿನ ಒದ್ದಾಡಿದಳು. ಕೊನೆಗೆ ಅವರು ಜಗಲಿಯಲ್ಲಿ ಗಂಜಿ ಉಣ್ಣುತ್ತಿದ್ದಾಗ ನನ್ನನ್ನು ಎದುರಿಗಿಟ್ಟು ಎಲ್ಲ ಹೇಳಿದಳು.

ಹೆರಿಯಣ್ಣ ಉಣ್ಣುವುದನ್ನು ನಿಲ್ಲಿಸಲಿಲ್ಲ.

"ನಂಗ್ ಗೊತ್ತಿದ್ದಿತ್ ಹೆಣ್ಣೆ," ಎಂದರು. "ಅಂಗ್ಡಿ ಅಜ್ಜಿ ಎರಡ್ ಕೈ ಸೇರ್ಸಿ ಹಡಗ್ ಮಾಡಿ, ಮುಳುಗ್ಸಿ ತೋರ್ಸಿದ್ಲ್. ಬೇಡ ಬೇಡ ಅಂದೇಳಿ ತಲೆ ಆಡ್ಸಿದ್ಲ್. ನಾನ್ ಇವನೇ ಬೇಕ್ ಅಂದೆ."

"ಎಂತಕ್ ಅಪ್ಪಯ್ಯ?"

"ಹಡಗ್ ಮುಳುಗ್ಸುವವ ನಮ್ಮನಿ ಒಳ್ಗ್ ನಿನ್ ಕೈಯಂಗ್ ಇದ್ರೆ, ಕಡ್ಲಂಗೂ ಇಪ್ಪುಕ್ ಆತ್ತಾ? ನೀನ್ ಇವನ್ನ ಬಿಗಿ ಹಿಡ್ಕಂಡಿದ್ದೆ. ನಾನ್ ಅಲ್ಲ್ ಹೆದ್ರದೆ ನಿದ್ರಿ ಮಾಡ್ತಿದ್ದೆ."

ಅಬ್ಬಿಗೂ ಗೊತ್ತಿದ್ದಿತ್ ಎಂದು ಸೇರಿಸಿದರು. ನಾನು ಬಾವಿಗೆ ಬಿದ್ದ ದಿನ ಅವಳ ಅಮ್ಮ ಅಷ್ಟು ಗಾಬರಿಯಾದದ್ದು ಏಕೆಂದು ನನಗೆ ಆಗ ತಿಳಿಯಿತು. ಗುಲಾಬಿ ಅವರ ಬಟ್ಟಲಿಗೆ ಇನ್ನೊಂದು ಸೌಟು ಗಂಜಿ ಬಡಿಸಿದಳು. ಬೇಡವೆಂದರೂ ಕೇಳಲಿಲ್ಲ. ಆಮೇಲೆ ಹಿತ್ತಿಲಿಗೆ ಹೋದವಳು ಸ್ವಲ್ಪ ಹೊತ್ತು ಒಳಗೆ ಬರಲಿಲ್ಲ.

ಇಶಿದಾರಿಗೆ ಅವಳು ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಫೋನು ಅದನ್ನು ಹೇಗೆ ತಿರುಗಿಸಿತೋ, ಅವರು, ಹಾಗಾದರೆ ಅವನು ಅಲ್ಲೇ ಇರಲಿ ಎಂದರು. ಅವಳು ನನ್ನನ್ನು ಅಪ್ಪನ ಅಂಗೈ ಮೇಲೆ ನಿಲ್ಲಿಸಿ ಫೋಟೋ ತೆಗೆದು, ನನ್ನಷ್ಟೇ ಎತ್ತರಕ್ಕೆ ಅಚ್ಚು ಹಾಕಿಸಿ ಜಪಾನಿಗೆ ಕಳಿಸಿದಳು. ಖಾಲಿ ಜಾಗದಲ್ಲಿ ಈಗ ಆ ಫೋಟೋ ಇದೆಯಂತೆ. ಅಭಿಮಾನಿಗಳ ಪುಟದಲ್ಲಿ ನನ್ನ ನಿಜವಾದ ಹೆಸರನ್ನೇ ಬರೆದಳು, ವೈರಿ ಎಂದೂ ಬರೆದಳು. ಕೆಳಗೆ, ಗಂಗೊಳ್ಳಿಯಲ್ಲಿದ್ದಷ್ಟು ದಿನ ಇವನು ಒಂದು ಹಡಗನ್ನೂ ಮುಳುಗಿಸಿಲ್ಲ ಎಂದು ಸೇರಿಸಿದಳು.

ಈಗ ನನಗೆ ವಯಸ್ಸಾಯಿತು. ಮೈ ಬಿರುಸಾಗಿದೆ, ಹಸಿರು ಹಳದಿಗೆ ತಿರುಗಿದೆ. ಕೆಟ್ಟವನಾಗಿ ಹುಟ್ಟಿದವನಿಗೆ ಕೆಟ್ಟವನಾಗಲು ಪುರುಸೊತ್ತೇ ಸಿಗಲಿಲ್ಲವಲ್ಲ ಎಂದು ಆಗಾಗ ಯೋಚಿಸುತ್ತೇನೆ. ಯಾರು ಯಾರ ಕೈಗೆ ಬೀಳುತ್ತಾರೆ ಎನ್ನುವುದರ ಮೇಲೆ ಎಷ್ಟೊಂದು ನಿಂತಿದೆ.

ಮಳೆಗಾಲದ ಮೀನುಗಾರಿಕೆ ನಿಷೇಧ ಮುಗಿದು ಆಗಸ್ಟಿನಲ್ಲಿ ನೆರೆಮನೆಯವರ ದೋಣಿಗಳು ಕಡಲಿಗಿಳಿದವು. ಹೆರಿಯಣ್ಣ ಜಗಲಿಯಲ್ಲಿ ಕುಳಿತು ಹೊಳೆ ಕಡಲು ಸೇರುವ ಅಳಿವೆಯತ್ತ ನೋಡುತ್ತಿದ್ದರು. ಗುಲಾಬಿ ಕಪಾಟು ತೆರೆದು, ನನ್ನನ್ನು ತಂದು ಅವರ ಕೈಗೆ ಕೊಟ್ಟು, ಸ್ಟುಡಿಯೋಕ್ಕೆ ಹೊರಟಳು. ಅವರು ಬೆರಳುಗಳನ್ನು ಮಡಚಿ ನನ್ನನ್ನು ಬಿಗಿಯಾಗಿ ಹಿಡಿದುಕೊಂಡರು.